ಶಾಂತಿಪಾಲನೆಯೂ ವಾಹನ ಸಾಮಗ್ರಿಯ ಪೂರ್ವಾಲೋಚನೆಯೂ



ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದವರು ವಿಷಯದ ಆಯ್ಕೆಯನ್ನು ಉಪನ್ಯಾಸಕನ ವಿವೇಚನೆಗೇ ಬಿಟ್ಟಿರುವುದರಿಂದ, ನಮ್ಮ ಸಭೆಗಳಲ್ಲಿ ಬಹುಮಟ್ಟಿಗೆ ಪ್ರಸ್ತಾಪಕ್ಕೆ ಬಾರದ, ಆದರೆ ನಮ್ಮ ದೇಶದ ಸಾವಿರಾರು ಯೋಧರ ಕ್ಷೇಮಕ್ಕೂ ಅವರನ್ನು ನಂಬಿ ಬದುಕಿರುವ ಪರದೇಶದ ಅಸಹಾಯಕ ಜನರ ಪ್ರಾಣಕ್ಕೂ ಸಂಬಂಧಿಸಿದ ಒಂದು ವಿಷಯವನ್ನು ತಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೊಂದು ಕಲಹಪೀಡಿತವಾದ ದೇಶಕ್ಕೆ ಹೊರಟಾಗ, ಅದಕ್ಕೆ ಬೇಕಾದ ಲಾರಿ, ಜೀಪು, ಆಂಬುಲೆನ್ಸುಗಳನ್ನೂ ಅವುಗಳ ಬಿಡಿಭಾಗಗಳನ್ನೂ ಯಾವಾಗ, ಎಷ್ಟು, ಯಾರಿಂದ ಕೊಳ್ಳಬೇಕೆಂಬುದನ್ನು ಮುಂಚಿತವಾಗಿ ಗೊತ್ತುಮಾಡುವ ವಿದ್ಯೆಯೇ ಆ ವಿಷಯ.

ಇಂಥ ವಿಷಯಕ್ಕೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಈ ಸೀಮೆ ತಕ್ಕ ಸ್ಥಳವೆಂದು ನಾನು ನಂಬಿದ್ದೇನೆ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡು ಶತಮಾನಗಳ ಕಾಲ ಸೇನೆಗಳು ಹಾದುಹೋದ ಹಾದಿ. ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ಅವರ ತರುವಾಯ ಬಿಜಾಪುರದವರೂ ಮುದಗಲ್ಲು ರಾಯಚೂರು ಕೋಟೆಗಳಿಗಾಗಿ ಇಲ್ಲಿ ಮತ್ತೆ ಮತ್ತೆ ಕಾದಿದರು. ನಿಜಾಮರ ಕಾಲದಲ್ಲಿ ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟಿತ್ತು. ಅದೇ ನಾಡಿನ ಮಸ್ಕಿಯ ಬಂಡೆಯ ಮೇಲೆ, ಯುದ್ಧದ ಫಲವನ್ನು ಕಣ್ಣಾರೆ ಕಂಡು ಮನಸ್ಸು ತಿರುಗಿದ ಚಕ್ರವರ್ತಿಯೊಬ್ಬನ ಶಾಸನವೂ ಇದೆ. 1915ರಲ್ಲಿ ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಬೀಡನ್ ಅದನ್ನು ಕಂಡ ಮೇಲೆ, ದೇವಾನಾಂಪ್ರಿಯನೆಂದು ತನ್ನನ್ನು ಕರೆದುಕೊಂಡ ಆ ಅರಸನು ಅಶೋಕನೇ ಎಂಬುದು ನಿಸ್ಸಂದೇಹವಾಯಿತು. ಆ ಅಶೋಕನು ಬೇರೆಡೆಯ ತನ್ನ ಶಾಸನಗಳಲ್ಲಿ ಧರ್ಮವನ್ನು ಬೋಧಿಸುವುದರ ಜೊತೆಗೆ, ದಾರಿಯ ಬದಿಯಲ್ಲಿ ಬಾವಿಗಳನ್ನು ತೋಡಿಸಿದುದನ್ನೂ, ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗಲೆಂದು ಮರಗಳನ್ನು ನೆಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಶಾಂತಿಯ ಮಾತನ್ನು ದೂರದ ಊರಿಗೆ ಒಯ್ಯುವವನು ದಾರಿಯಲ್ಲಿ ಎತ್ತಿಗೆ ನೀರೆಲ್ಲಿ ಎಂಬುದನ್ನೂ ಯೋಚಿಸಿರಬೇಕೆಂಬ ಅರಿವು ಅಷ್ಟು ಹಿಂದೆಯೇ ಒಬ್ಬ ಅರಸನಿಗೆ ಇತ್ತು.

ಶಾಂತಿಪಾಲನೆಯ ಕಾರ್ಯದಲ್ಲಿ ಕನ್ನಡನಾಡಿನ ಪಾಲು ಸಣ್ಣದಲ್ಲ. ಮಡಿಕೇರಿಯಲ್ಲಿ ಜನಿಸಿದ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾದ ತಟಸ್ಥರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿ, ತಾಯ್ನಾಡಿಗೆ ಮರಳಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕ ಯುದ್ಧಕೈದಿಗಳ ಭವಿಷ್ಯವನ್ನು ನಿರ್ಣಯಿಸುವ ಹೊಣೆಯನ್ನು ಹೊತ್ತರು. 1964ರ ಜುಲೈಯಿಂದ ಸೈಪ್ರಸ್ ದ್ವೀಪದ ವಿಶ್ವಸಂಸ್ಥೆಯ ಪಡೆಗೆ ದಂಡನಾಯಕರಾಗಿದ್ದು, 1965ರ ಡಿಸೆಂಬರ್ 18ರಂದು ನಿಕೋಸಿಯಾದಲ್ಲಿ ಕರ್ತವ್ಯನಿರತರಾಗಿಯೇ ದಿವಂಗತರಾದರು. ಈ ಮಹಾಪುರುಷರ ಧೈರ್ಯ ಸಂಯಮಗಳನ್ನು ಕುರಿತು ನಾವು ಅಭಿಮಾನದಿಂದ ಮಾತನಾಡುತ್ತೇವೆ. ಆದರೆ ಕೊರಿಯಾದ ಆ ಪ್ರಸಂಗದಲ್ಲಿ ನಮ್ಮ ಸೈನಿಕರು ಶಿಬಿರವನ್ನು ಮುಟ್ಟಿದ ಬಗೆಯನ್ನು ನೆನೆಯುವವರು ವಿರಳ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್ಮನ್ ರೀ ಅವರು ಭಾರತೀಯ ಪಡೆ ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದುದರಿಂದ, ಇಂಚೋನ್ ಬಂದರಿಗೆ ಬಂದ ನಮ್ಮವರನ್ನು ಅಮೆರಿಕದ ಹೆಲಿಕಾಪ್ಟರುಗಳು ತಂಡತಂಡವಾಗಿ ಎತ್ತಿಕೊಂಡು ಹೋಗಿ ನಿಶ್ಶಸ್ತ್ರ ವಲಯದಲ್ಲಿ ಇಳಿಸಬೇಕಾಯಿತು. ರಾಜಕೀಯದ ಒಂದು ನಿಷೇಧ ಸಾಗಣೆಯ ಯೋಜನೆಯನ್ನೇ ಬುಡಮೇಲು ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈಗ ವಿಷಯದ ಒಳಕ್ಕೆ ಬರೋಣ. ಶಾಂತಿಪಾಲನಾ ಕಾರ್ಯಾಚರಣೆಯಲ್ಲಿ ಓಡಾಡುವ ವಾಹನಗಳು ಎರಡು ಬಗೆಯವು. ಮೊದಲನೆಯವು ವಿಶ್ವಸಂಸ್ಥೆಯೇ ತನ್ನ ಹಣದಿಂದ ಕೊಂಡು ನಡೆಸುವಂಥವು. ಅಧಿಕಾರಿಗಳೂ ವೀಕ್ಷಕರೂ ಸಂಚರಿಸುವ ಬಿಳಿಯ ಬಣ್ಣದ ಫೋರ್ ವೀಲ್ ಗಾಡಿಗಳು ಈ ವರ್ಗಕ್ಕೆ ಸೇರಿದವು. ಎರಡನೆಯವು ಸೈನ್ಯ ಕಳುಹಿಸುವ ದೇಶವು ತನ್ನ ಸೈನ್ಯದೊಡನೆಯೇ ತರುವಂಥವು. ಇವುಗಳಿಗೆ ವಿಶ್ವಸಂಸ್ಥೆ ಬಾಡಿಗೆಯ ರೂಪದಲ್ಲಿ ಹಣ ಸಲ್ಲಿಸುತ್ತದೆ. ಸಾಮಾನ್ಯ ಸಭೆಯು 1996ರಲ್ಲಿ ಅಂಗೀಕರಿಸಿದ ಈ ಏರ್ಪಾಟಿನಲ್ಲಿ ಒಣ ಬಾಡಿಗೆ, ಹಸಿ ಬಾಡಿಗೆ ಎಂಬ ಎರಡು ಕ್ರಮಗಳುಂಟು. ಒಣ ಬಾಡಿಗೆಯಲ್ಲಿ ದೇಶವು ಗಾಡಿಯನ್ನು ಮಾತ್ರ ಕೊಡುತ್ತದೆ, ದುರಸ್ತಿಯ ಹೊಣೆ ಅನ್ಯರದು. ಹಸಿ ಬಾಡಿಗೆಯಲ್ಲಿ ಗಾಡಿಯ ಜೊತೆಗೆ ಅದರ ಬಿಡಿಭಾಗ, ಮೆಕ್ಯಾನಿಕ್ಕು, ನಿರ್ವಹಣೆ ಎಲ್ಲವೂ ಆ ದೇಶದ್ದೇ. ಹಸಿ ಬಾಡಿಗೆಯ ಒಪ್ಪಂದಕ್ಕೆ ಸಹಿ ಹಾಕಿದ ದೇಶ, ಆಫ್ರಿಕದ ಒಳನಾಡಿನಲ್ಲಿ ಒಂದು ಲಾರಿ ಕೆಟ್ಟುನಿಂತರೆ ಅದನ್ನು ಎಬ್ಬಿಸುವ ಬೋಲ್ಟನ್ನು ತನ್ನ ಉಗ್ರಾಣದಿಂದಲೇ ಕಳುಹಿಸಬೇಕು.

ಆ ಬೋಲ್ಟು ಕ್ರಮಿಸುವ ದೂರಕ್ಕೂ ಒಂದು ದರವಿದೆಯೆಂಬುದು ನನ್ನನ್ನು ಬಹುವಾಗಿ ಆಕರ್ಷಿಸಿದ ಸಂಗತಿ. ಹಸಿ ಬಾಡಿಗೆಯ ಲೆಕ್ಕದಲ್ಲಿ, ಬಿಡಿಭಾಗಗಳು ಸಾಗಿಬರುವ ಹಾದಿಯಲ್ಲಿ ಮೊದಲ 500 ಮೈಲಿ, ಅಂದರೆ 800 ಕಿಲೋಮೀಟರನ್ನು ಬಿಟ್ಟು, ಆಮೇಲಿನ ಪ್ರತಿ ಪೂರ್ಣ 500 ಮೈಲಿಗೆ ದರದ ಮೇಲೆ ನೂರಕ್ಕೆ ಕಾಲು ಭಾಗವನ್ನು ಹೆಚ್ಚಾಗಿ ಕೊಡುತ್ತಾರೆ. ಹಾದಿ 4,800 ಕಿಲೋಮೀಟರ್ ಎಂದು ಇಟ್ಟುಕೊಂಡರೆ ಈ ಅಧಿಕಾಂಶ ನೂರಕ್ಕೆ ಒಂದೂಕಾಲು ಆಗುತ್ತದೆ. ದೂರಕ್ಕೆ ಹಣ ಒದಗಿತು, ಸರಿ. ಕಾಲಕ್ಕೆ ಏನು ಒದಗಿತು? ಬಂದರಿನಲ್ಲಿ ಕಳೆದ ವಾರಗಳಿಗೂ, ಸುಂಕದ ಕಟ್ಟೆಯಲ್ಲಿ ಕಾದ ದಿನಗಳಿಗೂ, ಕೊಚ್ಚಿಹೋದ ಸೇತುವೆಯ ಈಚೆ ನಿಂತ ಲಾರಿಗೂ ಯಾವ ದರದ ಪಟ್ಟಿಯೂ ಪರಿಹಾರ ಕೊಡಲಾರದು. ಈ ಇಡೀ ವಿದ್ಯೆಯ ಗಂಟು ಇರುವುದು ಕಾಲದಲ್ಲಿಯೇ ಹೊರತು ಬೆಲೆಯಲ್ಲಿ ಅಲ್ಲ; ಇಂದಿನ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ದಕ್ಷಿಣ ಸುಡಾನಿನ ನೆಲ ಎಂಥದೆಂದು ತಮಗೆ ವರ್ಣಿಸುವುದು ಸುಲಭ, ಏಕೆಂದರೆ ಅದು ಸಿಂಧನೂರು ಮಸ್ಕಿಗಳ ಎರೆಭೂಮಿಯ ಜಾತಿಯದೇ. 2011ರ ಜುಲೈಯಲ್ಲಿ ಆ ದೇಶವು ಸ್ವತಂತ್ರವಾದಾಗ ವಿಶ್ವಸಂಸ್ಥೆಯ ಕಾರ್ಯಾಚರಣೆಯೂ ಅಲ್ಲಿ ಮೊದಲಾಯಿತು. ಬಿಳಿ ನೈಲ್ ನದಿಯ ದಡದ ಮಲಕಾಲ್, ಬೋರ್ ಎಂಬ ಊರುಗಳಲ್ಲಿ ನಮ್ಮ ಪಡೆಗಳು ನೆಲೆಸಿದುವು. ಬೇಸಿಗೆಯಲ್ಲಿ ಬಾಯಿಬಿಟ್ಟು ಬಿರಿದು, ಗಾಡಿ ಹಾದರೆ ಮೋಡದಂತೆ ಧೂಳನ್ನು ಎಬ್ಬಿಸುವ ಆ ಕಪ್ಪು ನೆಲ, ಮೊದಲ ದೊಡ್ಡ ಮಳೆಗೇ ಉಬ್ಬಿ ಅಂಟಾಗಿ, ಗಾಲಿಗೆ ಸುತ್ತಿಕೊಂಡು, ಮಡ್‌ಗಾರ್ಡಿನ ಒಳಗೆಲ್ಲ ಗಟ್ಟಿಯಾಗಿ ತುಂಬಿ, ಕೊನೆಗೆ ಚಕ್ರವೇ ತಿರುಗದಂತೆ ಹಿಡಿದುಬಿಡುವುದನ್ನು ಇಲ್ಲಿನ ರೈತರಿಗೆ ನಾನು ಹೇಳಬೇಕಾಗಿಲ್ಲ. ನಮ್ಮಲ್ಲಿ ಡಾಂಬರು ರಸ್ತೆ ಹೊಲದಿಂದ ಒಂದೆರಡು ಮೈಲಿಯಲ್ಲಿ ಸಿಕ್ಕೀತು. ಅಲ್ಲಿ ಮಳೆಗಾಲದ ಐದಾರು ತಿಂಗಳು ದೇಶದ ಬಹುಭಾಗಕ್ಕೆ ರಸ್ತೆಯೇ ಇಲ್ಲ. ಸಮುದ್ರದ ಸಾಮಾನು ಕೀನ್ಯಾದ ಮೊಂಬಾಸಾ ಬಂದರಿನಲ್ಲಿ ಇಳಿದು, ಉಗಾಂಡಾದ ಮೂಲಕ ಸಾವಿರದ ಐನೂರಕ್ಕೂ ಮಿಕ್ಕ ಕಿಲೋಮೀಟರುಗಳನ್ನು ದಾಟಿ ರಾಜಧಾನಿ ಜೂಬಾಕ್ಕೆ ಬರಬೇಕು; ಅಲ್ಲಿಂದ ಮುಂದಕ್ಕೆ ಒಣಗಾಲದಲ್ಲಿ ಲಾರಿ, ಇಲ್ಲವಾದರೆ ನದಿಯ ದೋಣಿ, ಅದೂ ಇಲ್ಲವಾದರೆ ವಿಮಾನ. ವಿಮಾನದಲ್ಲಿ ಔಷಧಿಯನ್ನು ತರಬಹುದು. ಲಾರಿಯ ಹಿಂದಿನ ಆಕ್ಸಲ್ಲನ್ನು ತರುವುದೆಂದರೆ ಔಷಧಿಯ ಜಾಗವನ್ನು ಕಿತ್ತುಕೊಂಡಂತೆ.

ಆ ದಾರಿಗಳು ಕೆಸರಿನಿಂದ ಮಾತ್ರ ಭಯಾನಕವಾದುವಲ್ಲ. 2013ರ ಏಪ್ರಿಲ್ 9ರಂದು ಜೋಂಗ್ಲೈ ಪ್ರಾಂತದ ಗುಮುರುಕ್ ಬಳಿ ವಾಹನಗಳ ಸಾಲೊಂದಕ್ಕೆ ಕಾವಲಾಗಿ ಹೋಗುತ್ತಿದ್ದ ನಮ್ಮ ಐವರು ಯೋಧರು ಹೊಂಚುದಾಳಿಗೆ ಬಲಿಯಾದರು. ಅಂಥ ಹಾದಿಯಲ್ಲಿ ಒಂದು ಗಾಡಿ ಕೆಟ್ಟುನಿಂತರೆ ಹಿಂದಿನ ಗಾಡಿಗಳೆಲ್ಲ ನಿಲ್ಲುತ್ತವೆ, ನಿಂತ ಸಾಲು ಗುರಿಯಾಗುತ್ತದೆ. ಬಿಡಿಭಾಗಗಳ ಪಟ್ಟಿಯನ್ನು ಬರೆಯುವ ಗುಮಾಸ್ತೆಯು ದೂರದ ಕಚೇರಿಯಲ್ಲಿ ಪಂಖದ ಕೆಳಗೆ ಕುಳಿತಿದ್ದರೂ, ಅವನ ಲೇಖನಿ ಈ ದಾರಿಯ ಮೇಲೆಯೇ ಚಲಿಸುತ್ತಿರುತ್ತದೆ.

ಇಲ್ಲಿ ಒಂದು ಸಣ್ಣ ವಸ್ತುವನ್ನು ತಾವು ಹತ್ತಿರದಿಂದ ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಲಾರಿಯ ಚಕ್ರದ ಹಬ್ಬಿನಲ್ಲಿ ಆಯಿಲ್ ಸೀಲ್ ಎಂಬ ರಬ್ಬರಿನ ಬಳೆಯೊಂದಿರುತ್ತದೆ. ಅದರ ಒಳ ಅಂಚು ತೆಳ್ಳಗೆ ತುಟಿಯಂತಿದ್ದು, ತಿರುಗುವ ಲೋಹವನ್ನು ಮೃದುವಾಗಿ ಒತ್ತಿಕೊಂಡು, ಒಳಗಿನ ಎಣ್ಣೆ ಹೊರಗೆ ಹೋಗದಂತೆ, ಹೊರಗಿನ ಮಣ್ಣು ಒಳಗೆ ಬಾರದಂತೆ ಕಾಯುತ್ತದೆ. ಎರೆಮಣ್ಣಿನ ಕೆಸರು ಆ ತುಟಿಯ ಅಂಚಿನಲ್ಲಿ ಸಿಕ್ಕಿ, ಒಣಗಿ, ಸಾವಿರ ಸುತ್ತುಗಳಲ್ಲಿ ಅರದಂತೆ ತೇಯುತ್ತದೆ. ತುಟಿ ಹರಿದ ಮೇಲೆ ಎಣ್ಣೆ ಜಿನುಗಿ ಬ್ರೇಕಿನ ಲೈನಿಂಗಿಗೆ ಇಳಿಯುತ್ತದೆ, ಬ್ರೇಕು ಹಿಡಿಯದು, ಅತ್ತ ಬೇರಿಂಗು ಒಣಗಿ ಕಾಯುತ್ತದೆ, ಕೂಗುತ್ತದೆ, ಒಡೆಯುತ್ತದೆ. ಅಂಗೈಯಲ್ಲಿ ಹಿಡಿಸುವ ಈ ಬಳೆಯ ಬೆಲೆ ಲಾರಿಯ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದು; ಆದರೆ ಅದಿಲ್ಲದೆ ಲಾರಿ ಇಲ್ಲ. ಉಗ್ರಾಣಶಾಸ್ತ್ರವನ್ನು ಬಲ್ಲವರು ಆದಕಾರಣವೇ ವಸ್ತುಗಳನ್ನು ಬೆಲೆಯ ಪ್ರಕಾರ ಒಮ್ಮೆಯೂ, ಪ್ರಾಣಾಧಾರವೋ, ಅವಶ್ಯಕವೋ, ಇದ್ದರೆ ಒಳ್ಳೆಯದೋ ಎಂಬುದರ ಪ್ರಕಾರ ಇನ್ನೊಮ್ಮೆಯೂ ವಿಂಗಡಿಸುತ್ತಾರೆ. ಅಗ್ಗವೂ ಪ್ರಾಣಾಧಾರವೂ ಆದ ಸೀಲು, ಬೆಲ್ಟು, ಫಿಲ್ಟರು, ಹೋಸುಗಳನ್ನು ಧಾರಾಳವಾಗಿ ಕೊಂಡಿಡಬೇಕು. ಅಲ್ಲಿ ಕಾಸಿನ ಲೆಕ್ಕ ಹಿಡಿಯುವವನು ಲಾರಿಯನ್ನು ಕಳೆದುಕೊಳ್ಳುತ್ತಾನೆ. ದುಬಾರಿಯೂ ಪ್ರಾಣಾಧಾರವೂ ಆದ ಗೇರ್‌ಬಾಕ್ಸು, ಡೀಸೆಲ್ ಪಂಪು, ಡಿಫರೆನ್ಷಿಯಲ್ಲುಗಳನ್ನು ಕೆಲವನ್ನೇ, ಆದರೆ ಇಡಿಯಾಗಿ ಜೋಡಿಸಿದ ಸ್ಥಿತಿಯಲ್ಲಿ ಕೊಂಡಿಡಬೇಕು. ಏಕೆಂದರೆ ಧೂಳು ತುಂಬಿದ ಮುಂಚೂಣಿಯ ಠಾಣ್ಯದಲ್ಲಿ ಪಂಪನ್ನು ಬಿಚ್ಚಿ ರಿಪೇರಿ ಮಾಡುವಂತಿಲ್ಲ, ಕೆಟ್ಟದ್ದನ್ನು ಕಳಚಿ ಒಳ್ಳೆಯದನ್ನು ಕೂರಿಸಿ, ಕಳಚಿದ್ದನ್ನು ಹಿಂದಿನ ವರ್ಕ್‌ಷಾಪಿಗೆ ಕಳುಹಿಸುವುದೊಂದೇ ಮಾರ್ಗ.

ಎಷ್ಟು ಕೊಳ್ಳಬೇಕೆಂಬ ಪ್ರಶ್ನೆಗೆ ಬಂದಾಗ, ವಿದ್ಯಾವಂತರಾದ ಅಧಿಕಾರಿಗಳು ಸಾಮಾನ್ಯವಾಗಿ ಮಾಡುವ ಒಂದು ಪ್ರಮಾದವನ್ನು ಸಿಂಧನೂರಿನ ಬಿಡಿಭಾಗದ ಅಂಗಡಿಯವರು ಮಾಡುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಪ್ರಾಂತವು ಭತ್ತದ ಕಣಜವಾಯಿತು. ಟ್ರ್ಯಾಕ್ಟರು, ಭತ್ತ ಕೊಯ್ಯುವ ಮಿಷನ್ನು, ಅಕ್ಕಿ ಗಿರಣಿಗಳು ಬಂದುವು. ಅವುಗಳ ಹಿಂದೆಯೇ ಗ್ಯಾರೇಜುಗಳೂ ಸ್ಪೇರ್ ಪಾರ್ಟ್ಸಿನ ಅಂಗಡಿಗಳೂ ಸಾಲುಗಟ್ಟಿದುವು. ಅಂಥ ಅಂಗಡಿಯೊಂದರ ಯಜಮಾನರು ನನಗೆ ಹೇಳಿದ ಮಾತನ್ನು ಅವರ ಧಾಟಿಯಲ್ಲಿಯೇ ಒಪ್ಪಿಸುತ್ತೇನೆ: "ಗದ್ದಿ ಕೆಸರು ಹೊಡಿಯೋ ಮುಂದ ಕ್ಲಚ್ ಪ್ಲೇಟ್ ಕೇಳ್ತಾರ್ರಿ, ಕೊಯ್ಯೋ ಮುಂದ ಬೆಲ್ಟು ಬೇರಿಂಗು ಕೇಳ್ತಾರ. ವರ್ಷದ ಲೆಕ್ಕ ತಗೊಂಡು ನಾ ಏನ್ ಮಾಡ್ಲಿರಿ ಸರ? ಸೀಜನ್ ಲೆಕ್ಕ ಬೇಕ್ರಿ." ಕಬ್ಬಿಣದ ಗಾಲಿಗಳನ್ನು ಕಟ್ಟಿಕೊಂಡು ಟ್ರ್ಯಾಕ್ಟರು ಕೆಸರಿಗಿಳಿಯುವುದಕ್ಕೆ ಮುಂಚೆಯೇ ಅವರ ಅಂಗಡಿಯ ಅಟ್ಟದ ಮೇಲೆ ಕ್ಲಚ್ ಪ್ಲೇಟಿನ ಪೆಟ್ಟಿಗೆಗಳು ಬಂದು ಕುಳಿತಿರುತ್ತವೆ, ನೀರು ಬಿಟ್ಟ ಮೇಲೆ ಆರ್ಡರ್ ಕೊಟ್ಟರೆ ಆ ಹಂಗಾಮಿನ ವ್ಯಾಪಾರವೂ ಹೋಯಿತು, ರೈತನ ನಾಟಿಯೂ ಹೋಯಿತು.

ಇದೇ ಮಾತನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸುತ್ತೇನೆ. ಶಾಂತಿಪಾಲನಾ ಪಡೆಯೊಂದರಲ್ಲಿ 40 ಲಾರಿಗಳಿವೆ, ಅವುಗಳಿಗೆ ವರ್ಷಕ್ಕೆ 60 ಕ್ಲಚ್ ಪ್ಲೇಟುಗಳು ಬೇಕು ಎಂದಿಟ್ಟುಕೊಳ್ಳಿ. ತಿಂಗಳಿಗೆ ಸರಾಸರಿ ಐದು; ಸರಬರಾಜು ಬರಲು ಆರು ತಿಂಗಳು; ಆದ್ದರಿಂದ 30, ಆಪತ್ತಿಗೆಂದು ಇನ್ನು ಹತ್ತು, ಒಟ್ಟು 40 ಇದ್ದರೆ ಸಾಕೆಂದು ಪುಸ್ತಕದ ಸೂತ್ರ ಹೇಳುತ್ತದೆ. ಆದರೆ ಕೆಸರಿನ ದಾರಿಯಲ್ಲಿ ಕ್ಲಚ್ ಹೆಚ್ಚಾಗಿ ಉರಿಯುವುದರಿಂದ, ಆ 60ರಲ್ಲಿ 45 ಮಳೆಗಾಲದ ಆರು ತಿಂಗಳಲ್ಲಿಯೇ ಖರ್ಚಾಗುತ್ತವೆ. ಹೊರಗಿನಿಂದ ಏನೂ ಬಾರದ ತಿಂಗಳುಗಳೂ ಅವೇ. ಮಳೆಗಾಲದ ಕಡೆಯ ದಿನಗಳಲ್ಲಿ ಐದು ಲಾರಿಗಳು ನಿಂತಿರುತ್ತವೆ, ಓಡುವವು 35. ಒಪ್ಪಂದದ ಪ್ರಕಾರ ಒಂದು ಗುಂಪಿನ ವಾಹನಗಳಲ್ಲಿ ನೂರಕ್ಕೆ 90 ಸುಸ್ಥಿತಿಯಲ್ಲಿರಬೇಕು, ತಪ್ಪಿದರೆ ವಿಶ್ವಸಂಸ್ಥೆ ಕೊಡುವ ಹಣ ಕಡಿತವಾಗುತ್ತದೆ. 40ಕ್ಕೆ ಆ ಮಿತಿ 36. ಸರಾಸರಿಯೆಂಬ ಒಂದು ಅಂಕಿಯನ್ನು ನಂಬಿದುದರ ಫಲವಾಗಿ ದೇಶದ ಹಣವೂ ಹೋಯಿತು. ಅದಕ್ಕಿಂತ ಮಿಗಿಲಾಗಿ, ಹೋಗಬೇಕಾಗಿದ್ದ ಹಳ್ಳಿಗೆ ಗಸ್ತು ಹೋಗಲಿಲ್ಲ. ಇಂಥ ಹೊತ್ತಿನಲ್ಲಿ ನಿಂತ ಗಾಡಿಯಿಂದ ಭಾಗಗಳನ್ನು ಕಿತ್ತು ಓಡುವ ಗಾಡಿಗೆ ಹಾಕುವ ಪರಿಪಾಠ ಎಲ್ಲ ದೇಶದ ಸೇನೆಗಳಲ್ಲಿಯೂ ಉಂಟು. ಒಂದೆರಡು ವಾರ ಅದು ಜಾಣತನವಾಗಿ ಕಾಣುತ್ತದೆ. ಕಿತ್ತ ಭಾಗದ ಇಂಡೆಂಟನ್ನು ಯಾರೂ ಬರೆಯದೆ ಹೋಗುವುದರಿಂದ, ಮುಂದಿನ ವರ್ಷದ ಖರೀದಿಗೆ ಆಧಾರವಾಗಬೇಕಾದ ಲೆಕ್ಕವೇ ಅಳಿಸಿಹೋಗುತ್ತದೆ.

ಈಗ ಪಂಚಾಂಗವನ್ನು ನೋಡಬೇಕು. ವಿಶ್ವಸಂಸ್ಥೆಯ ಶಾಂತಿಪಾಲನೆಯ ಆಯವ್ಯಯ ವರ್ಷ ಜುಲೈ 1ಕ್ಕೆ ಮೊದಲಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಹೊಸ ವರ್ಷದ ಹಣ ಕೈಗೆ ಬರುವ ಹೊತ್ತಿಗೆ ದಕ್ಷಿಣ ಸುಡಾನಿನ ದಾರಿಗಳು ಮುಚ್ಚಿರುತ್ತವೆ. ಜುಲೈಯಲ್ಲಿಯೇ ಆರ್ಡರು ಹೊರಟರೆ, ಟೆಂಡರು, ತಯಾರಿಕೆ, ಸಮುದ್ರಯಾನಗಳಿಗೆ ನಾಲ್ಕೈದು ತಿಂಗಳೆಂದರೂ ನವೆಂಬರು ಡಿಸೆಂಬರಿನಲ್ಲಿ ಸಾಮಾನು ಮೊಂಬಾಸಾದಲ್ಲಿ ಇಳಿದು, ದಾರಿ ಒಣಗಿದೊಡನೆಯೇ ಒಳನಾಡಿಗೆ ಹೊರಡಬಹುದು. ಅದೇ ಆರ್ಡರು ಮೂರು ನಾಲ್ಕು ತಿಂಗಳು ಒಂದು ಮೇಜಿನ ಮೇಲೆ ಮಲಗಿತೆನ್ನಿ. ಸಾಮಾನು ಬಂದರಿಗೆ ಬರುವುದು ಮಾರ್ಚಿಗೆ, ಜೂಬಾಕ್ಕೆ ಬರುವುದು ಮಳೆಯ ಹೊಸ್ತಿಲಿಗೆ, ಮಲಕಾಲ್ ಸೇರುವುದು ಮುಂದಿನ ಒಣಗಾಲಕ್ಕೆ. ಮೂರು ತಿಂಗಳ ವಿಳಂಬ ಅಲ್ಲಿ ಒಂದು ವರ್ಷದ ವಿಳಂಬವಾಗುತ್ತದೆ. ಆದುದರಿಂದ ಯೋಜನೆಯು ಹಣ ಮಂಜೂರಾಗುವುದನ್ನು ಕಾಯುತ್ತ ಕೂರುವಂತಿಲ್ಲ. ಫೆಬ್ರವರಿ ಮಾರ್ಚಿನಲ್ಲಿಯೇ ಲಾಗ್ ಬುಕ್ಕುಗಳನ್ನು ತೆರೆದು, ಯಾವ ಗಾಡಿ ಎಷ್ಟು ಓಡಿದೆ, ಯಾವ ಭಾಗ ಎಷ್ಟು ತಿಂಗಳಿಗೆ ಸವೆದಿದೆ ಎಂಬುದನ್ನು ಓದಿ, ಪಟ್ಟಿಯನ್ನೂ ಅದರ ತಾಂತ್ರಿಕ ವಿವರಗಳನ್ನೂ ಸಿದ್ಧವಾಗಿಟ್ಟುಕೊಂಡು, ಜುಲೈಯ ಮೊದಲ ವಾರದಲ್ಲಿ ಸಹಿಯೊಂದೇ ಉಳಿದಿರುವಂತೆ ಮಾಡಿಕೊಳ್ಳಬೇಕು. ಸದಸ್ಯರಾಷ್ಟ್ರಗಳು ತಮ್ಮ ವಂತಿಗೆಯನ್ನು ತಡಮಾಡಿ ಸಲ್ಲಿಸುವ ಚಾಳಿಯೂ, ಅದರಿಂದ ಭಾರತದಂಥ ದೇಶಗಳಿಗೆ ಸಲ್ಲಬೇಕಾದ ಹಣ ಬಾಕಿ ಬೀಳುವುದೂ ಈ ಕಷ್ಟವನ್ನು ಹೆಚ್ಚಿಸಿವೆ. ಬಲಾಢ್ಯ ರಾಷ್ಟ್ರಗಳು ನಿರ್ಣಯಕ್ಕೆ ಕೈ ಎತ್ತುವಾಗ ತೋರುವ ಉತ್ಸಾಹವನ್ನು ಹಣ ಕೊಡುವಾಗಲೂ ತೋರಿದ್ದರೆ ಎಷ್ಟೋ ಲಾರಿಗಳು ಇಂದು ಓಡುತ್ತಿದ್ದುವು.

ಹೊಸ ಕಾರ್ಯಾಚರಣೆಯೊಂದು ಆರಂಭವಾಗುವಾಗಲಂತೂ ಈ ಅವಸರ ಇನ್ನೂ ತೀಕ್ಷ್ಣ. 2000ದ ಮೇ ತಿಂಗಳಲ್ಲಿ, ಇನ್ನೂ ನೆಲೆಗೊಳ್ಳುತ್ತಿದ್ದ ಸಿಯೆರಾ ಲಿಯೋನಿನ ಕಾರ್ಯಾಚರಣೆಯಲ್ಲಿ, ಕೈಲಾಹುನ್ ಎಂಬಲ್ಲಿ ನಮ್ಮ ಇನ್ನೂರಕ್ಕೂ ಮಿಕ್ಕ ಯೋಧರು ಬಂಡುಕೋರರ ಮುತ್ತಿಗೆಗೆ ಸಿಕ್ಕಿ, 75 ದಿನಗಳ ಬಳಿಕ ಜುಲೈ ಮಧ್ಯದ ಸುರಿಮಳೆಯಲ್ಲಿ, ಅಲ್ಲಿನ ದಂಡನಾಯಕರಾದ ಜನರಲ್ ಜೇಟ್ಲಿಯವರ ನೇತೃತ್ವದ ಕಾರ್ಯಾಚರಣೆಯಿಂದ ಹೊರಬಂದರು. ಅದೇ ವರ್ಷ ಆಲ್ಜೀರಿಯದ ಲಖ್ದರ್ ಬ್ರಾಹಿಮಿಯವರ ಅಧ್ಯಕ್ಷತೆಯ ಸಮಿತಿಯು, ಸಾಮಾನ್ಯ ಕಾರ್ಯಾಚರಣೆಗೆ 30 ದಿನಗಳಲ್ಲಿ, ಜಟಿಲವಾದುದಕ್ಕೆ 90 ದಿನಗಳಲ್ಲಿ ಪಡೆಗಳು ನೆಲೆಗೊಳ್ಳುವಂತಾಗಬೇಕೆಂದು ವರದಿ ಮಾಡಿತು. ಟೆಂಡರಿನ ಸಾಮಾನ್ಯ ಕ್ರಮದಲ್ಲಿ ಲಾರಿ ಕೊಂಡು ಈ ಗಡುವನ್ನು ಮುಟ್ಟುವುದು ಅಸಾಧ್ಯ. ಆದುದರಿಂದ 2002ರಲ್ಲಿ ಸಾಮಾನ್ಯ ಸಭೆಯು 14 ಕೋಟಿ 15 ಲಕ್ಷ ಡಾಲರನ್ನು ಒಪ್ಪಿ, ಇಟಲಿಯ ಬ್ರಿಂಡಿಸಿ ಬಂದರಿನ ನೆಲೆಯಲ್ಲಿ ವಾಹನ ಮೊದಲಾದುವನ್ನು ಮುಂಗಡವಾಗಿಯೇ ಕೊಂಡು ಶೇಖರಿಸುವ ಏರ್ಪಾಟು ಮಾಡಿತು. ಇದು ವಿವೇಕದ ಕೆಲಸವೇ. ಆದರೆ ಶೇಖರಿಸಿದ ಗಾಡಿಗೂ ವಯಸ್ಸಾಗುತ್ತದೆ. ಓಡದೆ ನಿಂತ ಗಾಡಿಯ ಬ್ಯಾಟರಿ ಸತ್ತುಹೋಗುತ್ತದೆ, ಟೈರು ಒಂದೇ ಮಗ್ಗುಲಿಗೆ ಚಪ್ಪಟೆಯಾಗುತ್ತದೆ, ಸೀಲಿನ ರಬ್ಬರು ಗಡುಸಾಗಿ ಬಿರಿಯುತ್ತದೆ. ಮೊದಲು ಬಂದುದನ್ನು ಮೊದಲು ಕಳುಹಿಸಿ, ಅದರ ಜಾಗಕ್ಕೆ ಹೊಸದನ್ನು ತರುತ್ತಿರುವ ಉಗ್ರಾಣ ಮಾತ್ರ ಸಜೀವವಾದ ಉಗ್ರಾಣ.

ಯಾವ ಗಾಡಿಯನ್ನು ಕೊಳ್ಳಬೇಕೆಂಬ ವಿಚಾರದಲ್ಲಿ ನಮ್ಮ ಹಳೆಯ ಹೈದರಾಬಾದ್ ಸಂಸ್ಥಾನದ ಒಂದು ಉದಾಹರಣೆ ನೆನಪಾಗುತ್ತದೆ. ನಿಜಾಮರ ರೈಲ್ವೆ ಇಲಾಖೆಯು 1932ರಲ್ಲಿ 27 ಬಸ್ಸುಗಳನ್ನೂ 166 ನೌಕರರನ್ನೂ ಇಟ್ಟುಕೊಂಡು ರಸ್ತೆ ಸಾರಿಗೆಯನ್ನು ಆರಂಭಿಸಿತು. ರಾಯಚೂರು ಜಿಲ್ಲೆಯೂ ಆಗ ಆ ಸಂಸ್ಥಾನದ ಅಂಗವೇ ಆಗಿತ್ತು. ಆ ಕಾಲದ ಆಲ್ಬಿಯನ್ ಬಸ್ಸೊಂದನ್ನು ಹೈದರಾಬಾದಿನಲ್ಲಿ ಇಂದಿಗೂ ಕಾಪಾಡಿಟ್ಟಿದ್ದಾರೆ. ಗ್ಲಾಸ್ಗೋ ನಗರದಲ್ಲಿ ತಯಾರಾದ ಆ ಗಾಡಿಯ ಭಾಗ ಕೆಟ್ಟರೆ ಹೊಸದು ಹಡಗಿನಲ್ಲಿ ಬರಬೇಕಾಗಿದ್ದ ದಿನಗಳವು. ಅಷ್ಟು ದೂರದಿಂದ ಸಾಮಾನು ತರಿಸುವವನಿಗೆ ಗಾಡಿಗಳೆಲ್ಲ ಆದಷ್ಟೂ ಒಂದೇ ಜಾತಿಯವಾಗಿರುವುದು ದೊಡ್ಡ ಅನುಕೂಲ: ಒಂದೇ ಪೆಟ್ಟಿಗೆಯ ಭಾಗ ಎಲ್ಲ ಗಾಡಿಗೂ ಒಗ್ಗುತ್ತದೆ, ಒಬ್ಬ ಮೇಸ್ತ್ರಿಯ ಕೈಪಳಗು ಎಲ್ಲದಕ್ಕೂ ಸಲ್ಲುತ್ತದೆ. ಶಾಂತಿಪಾಲನೆಯಲ್ಲಿ ಇದಕ್ಕೆ ನೇರ ವಿರುದ್ಧವಾದ ಸ್ಥಿತಿ. ಹತ್ತಾರು ದೇಶಗಳ ಸೈನ್ಯ, ಪ್ರತಿಯೊಂದಕ್ಕೂ ತನ್ನದೇ ಲಾರಿ. ನಮ್ಮವರದು ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಆದರೆ ಪಕ್ಕದ ಠಾಣ್ಯದವರದು ಬೇರೆಯೇ ದೇಶದ ಗಾಡಿ. ನೂರು ಗಜದ ಆಚೆ ಉಗ್ರಾಣವಿದ್ದರೂ ಅದರೊಳಗಿನ ಒಂದು ನಟ್ಟೂ ನಮಗೆ ಉಪಯೋಗಕ್ಕೆ ಬಾರದೆ ಹೋಗಬಹುದು. ಕನಿಷ್ಠಪಕ್ಷ ಟೈರಿನ ಅಳತೆ, ಬ್ಯಾಟರಿ, ಎಣ್ಣೆ, ಫಿಲ್ಟರುಗಳಲ್ಲಿಯಾದರೂ ಸೈನ್ಯ ಕಳುಹಿಸುವ ದೇಶಗಳು ತಮ್ಮತಮ್ಮೊಳಗೆ ಒಂದು ಹೊಂದಾಣಿಕೆಗೆ ಬರಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಬೆಲೆಯ ವಿಚಾರವನ್ನು ಸಂಕ್ಷೇಪವಾಗಿ ಮುಗಿಸುತ್ತೇನೆ. ವಿಶ್ವಸಂಸ್ಥೆಯ ಖರೀದಿ ನಿಯಮಗಳು ಕೊಟ್ಟ ಹಣಕ್ಕೆ ಉತ್ತಮ ಮೌಲ್ಯ ಬರಬೇಕೆನ್ನುತ್ತವೆಯೇ ಹೊರತು, ಅತ್ಯಂತ ಅಗ್ಗವಾದುದನ್ನೇ ಕೊಳ್ಳಬೇಕೆನ್ನುವುದಿಲ್ಲ. ನ್ಯಾಯ, ಪ್ರಾಮಾಣಿಕತೆ, ಪಾರದರ್ಶಕತೆ, ಅಂತರರಾಷ್ಟ್ರೀಯ ಸ್ಪರ್ಧೆಗಳನ್ನೂ ಅವು ಜೊತೆಗೇ ಹೇಳುತ್ತವೆ. ನಮ್ಮ ಅಂಗಡಿಗಳಲ್ಲಿ "ಕಂಪನಿದು ಬೇಕೋ, ಲೋಕಲ್ ಬೇಕೋ?" ಎಂದು ಕೇಳುವುದುಂಟಷ್ಟೆ. ಊರಿನ ಟ್ರ್ಯಾಕ್ಟರಿಗೆ ಲೋಕಲ್ ಭಾಗ ಹಾಕಿದ ರೈತ, ಅದು ಮುರಿದರೆ ಅರ್ಧ ಗಂಟೆಯಲ್ಲಿ ಮತ್ತೊಂದನ್ನು ತಂದಾನು. ಆರು ತಿಂಗಳ ದೂರದಲ್ಲಿರುವ ಸೈನಿಕನಿಗೆ ಆ ಸ್ವಾತಂತ್ರ್ಯವಿಲ್ಲ. ಗಾಡಿಯ ಟೆಂಡರಿನಲ್ಲಿಯೇ ಮೊದಲ ಎರಡು ವರ್ಷಗಳ ಬಿಡಿಭಾಗ, ವಿಶೇಷ ಉಪಕರಣಗಳು, ಭಾಗಗಳ ಸಂಖ್ಯೆಯುಳ್ಳ ಪುಸ್ತಕ, ಮೆಕ್ಯಾನಿಕ್ಕುಗಳ ತರಬೇತಿ ಇವನ್ನೆಲ್ಲ ಸೇರಿಸಿ ಒಟ್ಟು ಬೆಲೆಯನ್ನು ಹೋಲಿಸಬೇಕು. ಗಾಡಿಯನ್ನು ಅಗ್ಗಕ್ಕೆ ಕೊಟ್ಟು ಭಾಗಗಳನ್ನು ದುಬಾರಿಗೆ ಮಾರುವ ವ್ಯಾಪಾರಿಗೆ ಆಗ ಅವಕಾಶವಿರುವುದಿಲ್ಲ.

ಆಪತ್ತಿಗೆಂದು ಎತ್ತಿಡುವ ಸಂಗ್ರಹದ ಬಗ್ಗೆಯೂ ಒಂದು ಮಾತು ಹೇಳಬೇಕು. ಸಿಂಧನೂರಿನ ಸುತ್ತಮುತ್ತ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಪುನರ್ವಸತಿ ಕಲ್ಪಿಸಿದ ಕ್ಯಾಂಪುಗಳಿವೆ. ಮನೆಮಠ ಬಿಟ್ಟು ಬಂದವರು ಮೊದಲ ದಿನಗಳಲ್ಲಿ ಅಕ್ಕಿಯ ಲಾರಿಯ ಹಾದಿಯನ್ನು ಹೇಗೆ ಕಾಯುತ್ತಾರೆಂಬುದು ಅಲ್ಲಿನ ಹಿರಿಯರಿಗೆ ಗೊತ್ತು. 2013ರ ಡಿಸೆಂಬರಿನಲ್ಲಿ ದಕ್ಷಿಣ ಸುಡಾನ್ ಅಂತರ್ಯುದ್ಧಕ್ಕೆ ಬಿದ್ದಾಗ, ಮಲಕಾಲಿನ ಜನ ವಿಶ್ವಸಂಸ್ಥೆಯ ಠಾಣ್ಯದ ಒಳಕ್ಕೆ ಸಾವಿರ ಸಾವಿರವಾಗಿ ನುಗ್ಗಿ ಆಶ್ರಯ ಪಡೆದರು. ಸೈನಿಕರಿಗೆಂದು ಲೆಕ್ಕ ಹಾಕಿದ್ದ ನೀರಿನ ಟ್ಯಾಂಕರುಗಳು ಒಮ್ಮೆಲೇ ಒಂದು ಪಟ್ಟಣಕ್ಕೆ ನೀರು ಹೊರಬೇಕಾಯಿತು. ಯೋಜನೆಯ ಪಟ್ಟಿಯಲ್ಲಿ ಆಪತ್ತಿಗೆಂದು ಬರೆದ ಅಧಿಕಾಂಶವನ್ನು ದುಂದೆಂದು ಹೊಡೆದುಹಾಕುವ ಲೆಕ್ಕಪರಿಶೋಧಕರು ಈ ಪ್ರಸಂಗವನ್ನು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಉಳಿದಿರುವುದು ಹಿಂದಿರುಗುವ ದಿನದ ಮಾತು. ಖರೀದಿಯ ಕಡತಗಳಲ್ಲಿ ಇದಕ್ಕೆ ದೊರೆಯುವ ಸ್ಥಳ ಅತ್ಯಲ್ಪ. ಕಾರ್ಯಾಚರಣೆ ಮುಗಿದಾಗ ಸುಸ್ಥಿತಿಯ ವಾಹನಗಳನ್ನು ಬೇರೆ ಕಾರ್ಯಾಚರಣೆಗೆ ಕಳುಹಿಸಬೇಕು, ಬೇಡವಾದುವನ್ನು ವಿಶ್ವಸಂಸ್ಥೆಯ ಇತರ ಅಂಗಗಳಿಗೆ ಕೊಡಬೇಕು ಅಥವಾ ಮಾರಬೇಕು, ಕೆಲವನ್ನು ಆ ದೇಶದ ಸರ್ಕಾರಕ್ಕೆ ಬಿಡಬಹುದು ಎಂದು ನಿಯಮವಿದೆ. ಮಾಲಿ ದೇಶದಲ್ಲಿ ಏನಾಯಿತೆಂಬುದನ್ನು ನೋಡಿ: 2023ರ ಜೂನ್ 30ರಂದು ಭದ್ರತಾ ಮಂಡಳಿಯು ಅಲ್ಲಿನ ಕಾರ್ಯಾಚರಣೆಯನ್ನು ಮುಗಿಸಿ, ಡಿಸೆಂಬರ್ 31ರೊಳಗೆ ಹೊರಡಬೇಕೆಂದು ನಿರ್ಣಯಿಸಿತು. ಉತ್ತರದ ಠಾಣ್ಯಗಳಿಗೆ ಖಾಲಿ ಲಾರಿಗಳನ್ನು ಕಳುಹಿಸಲು ಅನುಮತಿ ದೊರೆಯದೆ, ಹೊತ್ತು ತರಲಾಗದ ವಾಹನ, ಜನರೇಟರು ಮುಂತಾದುವನ್ನು ತಾವೇ ಕೈಯಾರೆ ನಾಶಮಾಡಬೇಕಾಯಿತು. ಅಕ್ಟೋಬರ್ 31ರಂದು ಕಿದಾಲ್ ಠಾಣ್ಯವನ್ನು ಬಿಟ್ಟ ನೂರಕ್ಕೂ ಮಿಕ್ಕ ವಾಹನಗಳ ಸಾಲು, ನೆಲದಲ್ಲಿ ಹುಗಿದ ಸಿಡಿಗುಂಡುಗಳ ನಡುವೆ ಗಾಯಾಳುಗಳನ್ನು ಹೊತ್ತುಕೊಂಡು, ಮುನ್ನೂರೈವತ್ತು ಕಿಲೋಮೀಟರಿನಷ್ಟು ಮರುಭೂಮಿಯನ್ನು ದಾಟಿ ಗಾವೋ ಪಟ್ಟಣವನ್ನು ಸೇರಿತು. ಸಾಲು ಹೊರಡುವ ದಿನಕ್ಕೆಂದು ಟೈರು, ಎಳೆಯುವ ಕ್ರೇನು, ಟ್ರೈಲರುಗಳನ್ನು ಬೇರೆಯಾಗಿ ಎತ್ತಿಡುವುದು ಎಂಥ ಪ್ರಾಣಾಧಾರದ ವಿಷಯವೆಂಬುದು ಆ ಹಾದಿಯನ್ನು ನೋಡಿದರೆ ತಿಳಿಯುತ್ತದೆ. ಆದುದರಿಂದ ವಾಹನದ ಖರೀದಿ ಪಟ್ಟಿಯಲ್ಲಿ ಬೆಲೆ, ಸಂಖ್ಯೆ, ಬರುವ ದಿನಾಂಕಗಳ ಜೊತೆಗೆ, ಈ ಗಾಡಿ ಕೊನೆಗೆ ಯಾವ ದಾರಿಯಲ್ಲಿ, ಯಾರ ಅನುಮತಿಯಿಂದ, ಎಲ್ಲಿಗೆ ಹೋಗತಕ್ಕದ್ದು ಎಂಬ ಒಂದು ಕಾಲಮ್ಮೂ ಇರಬೇಕು; ಅದನ್ನು ತುಂಬದೆ ಬಂದ ಕಡತವನ್ನು ಅಧಿಕಾರಿಯು ಸಹಿ ಹಾಕದೆ ಹಿಂದಕ್ಕೆ ಕಳುಹಿಸಬೇಕು.